ಮುಗಿಲಿನಲ್ಲಿ ಮನೆ ಹೂಡಿದ ಫಜ್ಲುರ್ ಖಾನ್

ಕೊಕ್ಕಡದ ತೋಟಗಳಲ್ಲಿ ಅಡಿಕೆ ಮರವನ್ನು ಸೀಳಿ ನೋಡಿದವರಿಗೆ ಒಂದು ಸಂಗತಿ ಗೊತ್ತು. ಮರದ ಗಟ್ಟಿತನವೆಲ್ಲ ಹೊರಮೈಯಲ್ಲಿದೆ, ಒಳಗಿರುವುದು ಮೆದು ತಿರುಳು. ಅಷ್ಟು ಸಪೂರ ಕಾಂಡ ಆಷಾಢದ ಗಾಳಿಗೆ ತೂಗಾಡಿಯೂ ನಿಲ್ಲುವುದು ಆ ಹೊರಮೈಯ ಬಲದಿಂದ. ಗಗನಚುಂಬಿ ಕಟ್ಟಡಗಳನ್ನು ಇದೇ ತತ್ತ್ವದ ಮೇಲೆ ನಿಲ್ಲಿಸಿ, ಕಚೇರಿಗಳ ನೆತ್ತಿಯ ಮೇಲೆ ನೂರಾರು ಸಂಸಾರಗಳು ನೆಮ್ಮದಿಯಿಂದ ಮಲಗುವಂತೆ ಮಾಡಿದವರು ಢಾಕಾದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್.

ಖಾನ್ ಜನಿಸಿದ್ದು 1929ರ ಏಪ್ರಿಲ್ 3ರಂದು. ತಂದೆ ಗಣಿತದ ಅಧ್ಯಾಪಕರು. ಕಲ್ಕತ್ತೆಯ ಬಳಿಯ ಶಿಬ್‌ಪುರದಲ್ಲಿ ಆರಂಭವಾದ ಎಂಜಿನಿಯರಿಂಗ್ ವ್ಯಾಸಂಗ ಢಾಕಾದಲ್ಲಿ ಮುಗಿಯಿತು. 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಸೇರಿದ ಅವರು ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಡಾಕ್ಟರೇಟನ್ನೂ ಗಳಿಸಿ, ಷಿಕಾಗೋದ ಎಸ್‌ಒಎಂ ವಾಸ್ತುಶಿಲ್ಪ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತರು. ನಡುವೆ ಸ್ವದೇಶಕ್ಕೆ ಮರಳಿದರಾದರೂ ಅಲ್ಲಿನ ಆಡಳಿತದ ಕೆಲಸ ಒಗ್ಗಲಿಲ್ಲ. 1960ರಲ್ಲಿ ಮತ್ತೆ ಷಿಕಾಗೋಗೆ ಬಂದರು.

ಎತ್ತರದ ಕಟ್ಟಡಕ್ಕೆ ತನ್ನ ಭಾರಕ್ಕಿಂತ ದೊಡ್ಡ ಶತ್ರು ಗಾಳಿ. ಹಳೆಯ ಪದ್ಧತಿಯಲ್ಲಿ ಒಳಗೆಲ್ಲ ಕಂಬಗಳನ್ನು ನೆಟ್ಟು ಗಾಳಿಯನ್ನು ಎದುರಿಸಬೇಕಿತ್ತು. ಮಹಡಿಗಳು ಏರಿದಂತೆ ಉಕ್ಕಿನ ಖರ್ಚು ಕೈಮೀರುತ್ತಿತ್ತು. ಖಾನ್ ಆ ಬಲವನ್ನು ಹೊರಗೋಡೆಗೆ ವರ್ಗಾಯಿಸಿ ಇಡೀ ಕಟ್ಟಡವನ್ನೇ ಒಂದು ಕೊಳವೆಯಾಗಿ ಕಂಡರು. 43 ಮಹಡಿಗಳ ಡೆವಿಟ್-ಚೆಸ್ಟ್‌ನಟ್ ವಸತಿ ಸಮುಚ್ಚಯ ಈ ವಿಧಾನದ ಮೊದಲ ಫಲ.

ನಿಜವಾದ ಪರೀಕ್ಷೆ ಎದುರಾದದ್ದು ಜಾನ್ ಹ್ಯಾನ್‌ಕಾಕ್ ಸೆಂಟರ್‌ನಲ್ಲಿ. ಷಿಕಾಗೋದ ಮಿಷಿಗನ್ ಅವೆನ್ಯೂದ ನಿವೇಶನವೊಂದರಲ್ಲಿ ಮನೆಗಳಿಗೊಂದು, ಕಚೇರಿಗಳಿಗೊಂದು ಗೋಪುರ ಕಟ್ಟುವ ಯೋಚನೆಯಿತ್ತು. ಹಾಗೆ ಮಾಡಿದ್ದರೆ ನೆಲವೆಲ್ಲ ತುಂಬಿಹೋಗಿ, ಒಂದರ ಕಿಟಕಿಗೆ ಇನ್ನೊಂದು ಅಡ್ಡ ನಿಲ್ಲುತ್ತಿತ್ತು. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಮತ್ತು ಖಾನ್ ಎರಡನ್ನೂ ಒಂದರ ಮೇಲೊಂದು ಪೇರಿಸಿದರು. ಕೆಳಗೆ ಅಂಗಡಿಗಳು ಮತ್ತು ಕಾರು ನಿಲುಗಡೆ, ಮೇಲೆ ಕಚೇರಿಗಳು, 44ನೇ ಮಹಡಿಯಲ್ಲಿ ಈಜುಕೊಳ, ಅದರಿಂದಾಚೆಗೆ ಸುಮಾರು 700 ಮನೆಗಳು. ಕಚೇರಿಗೆ ಅಗಲವಾದ ಮಹಡಿ ಬೇಕು. ಮನೆಯಾದರೆ ಪ್ರತಿ ಕೋಣೆಯೂ ಕಿಟಕಿಗೆ ಸಮೀಪವಿರಬೇಕು, ಮಹಡಿ ಕಿರಿದಾದಷ್ಟೂ ಒಳಿತು. ಹೀಗಾಗಿ ಕಟ್ಟಡ ಮೇಲೇರಿದಂತೆ ಕಿರಿದಾಗುತ್ತ ಹೋಯಿತು. ಆ ಆಕಾರ ಗಾಳಿಗೂ ಹಿತವಾಗಿತ್ತು. ಹೊರಮೈಗೆ ದೈತ್ಯ ಗುಣಾಕಾರ ಚಿಹ್ನೆಗಳಂತೆ ಉಕ್ಕಿನ ಓರೆಕಂಬಗಳನ್ನು ಬಿಗಿದದ್ದರಿಂದ ನೂರು ಮಹಡಿಗಳಿಗೆ ಚದರ ಮೀಟರಿಗೆ 145 ಕಿಲೋ ಉಕ್ಕು ಸಾಕಾಯಿತು. 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ 206 ಕಿಲೋ ಹಿಡಿದಿತ್ತು.

ಲೆಕ್ಕ ಸರಿಯಿದ್ದರೂ ಒಂದು ಅಳುಕು ಉಳಿದಿತ್ತು. ಕಚೇರಿಯವನು ಸಂಜೆ ಎದ್ದು ಹೋಗುತ್ತಾನೆ. ಎಂಬತ್ತನೇ ಮಹಡಿಯಲ್ಲಿ ರಾತ್ರಿ ಹಾಸಿಗೆ ಹಾಸಿದವನಿಗೆ ಕಟ್ಟಡ ತೂಗುವುದು ತಿಳಿದರೆ ಗತಿಯೇನು? ಷಿಕಾಗೋದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ತಯಾರಕರ ತಿರುಗುವ ವೇದಿಕೆಯೊಂದಿತ್ತು. ಖಾನ್ ಜನರನ್ನು ಅದರ ಮೇಲೆ ಕೂರಿಸಿ, ಮಲಗಿಸಿ, ಎಷ್ಟು ಅಲುಗಾಟ ಅರಿವಿಗೆ ಬರುತ್ತದೆಂದು ಪರೀಕ್ಷಿಸಿದರು. ಇಂದಿನ ಕಣ್ಣಿಗೆ ತಮಾಷೆಯಾಗಿ ಕಂಡರೂ ಇಡೀ ಯೋಜನೆಯ ಮರ್ಮ ಅಲ್ಲಿತ್ತು. 1966ರಲ್ಲಿ ಅಡಿಪಾಯದ ಕಾಂಕ್ರೀಟಿನಲ್ಲಿ ದೋಷ ಪತ್ತೆಯಾಗಿ ಕೆಲಸ ತಿಂಗಳುಗಟ್ಟಲೆ ನಿಂತಿತು. ದಶಕ ಮುಗಿಯುವ ಹೊತ್ತಿಗೆ ಮನೆಗಳಲ್ಲಿ ದೀಪ ಹೊತ್ತಿತು. ಓರೆಕಂಬ ಅಡ್ಡ ಬಂದ ಕಿಟಕಿಯ ಮನೆಗಳು ಬಿಕರಿಯಾಗಲಾರವೆಂಬ ಭಯವೂ ಸುಳ್ಳಾಯಿತು.

1974ರಲ್ಲಿ ತಲೆಯೆತ್ತಿದ 110 ಮಹಡಿಗಳ ಸಿಯರ್ಸ್ ಟವರ್ ಖಾನ್‌ಗೆ ಜಗತ್ಪ್ರಸಿದ್ಧಿ ತಂದಿತು. ಆದರೆ ಇಂದಿನ ನಗರಗಳು ಹೆಚ್ಚು ಅನುಕರಿಸಿರುವುದು ಹ್ಯಾನ್‌ಕಾಕ್‌ನ ಪೇರಿಕೆಯನ್ನು ಎನ್ನಬೇಕು. ಕಚೇರಿಯ ಜಾಗಕ್ಕೆ ಹೋಟೆಲ್ ಬಂತು. ಹೋಟೆಲ್ ಕೋಣೆಗೂ ಮನೆಯಂತೆ ಕಿಟಕಿ ಬೇಕು, ಅತಿಥಿಗಳಿಗೂ ನಿವಾಸಿಗಳಿಗೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಲಿಫ್ಟ್ ಬೇಕು. 2009ರಲ್ಲಿ ಷಿಕಾಗೋದಲ್ಲಿ ಪೂರ್ಣಗೊಂಡ ಟ್ರಂಪ್ ಟವರ್, ಕರಾವಳಿಯಿಂದ ದುಬೈಗೆ ದುಡಿಯಲು ಹೋದವರ ಕಣ್ಣಿಗೆ ನಿತ್ಯ ಬೀಳುವ 828 ಮೀಟರ್ ಎತ್ತರದ ಬುರ್ಜ್ ಖಲೀಫಾ, ಎರಡೂ ಖಾನ್ ದುಡಿದ ಸಂಸ್ಥೆಯದೇ ವಿನ್ಯಾಸ. ಎರಡರಲ್ಲೂ ಕೆಳಗೆ ಹೋಟೆಲ್, ಮೇಲೆ ಮನೆಗಳು.

ರವೀಂದ್ರ ಸಂಗೀತವೆಂದರೆ ಅವರಿಗೆ ಪ್ರಾಣ. 1971ರಲ್ಲಿ ಪೂರ್ವ ಬಂಗಾಳ ಹೊತ್ತಿ ಉರಿದಾಗ ನಕ್ಷೆಗಳನ್ನು ಬದಿಗಿಟ್ಟು ಷಿಕಾಗೋದ ಬಂಗಾಳಿಗಳನ್ನು ಒಗ್ಗೂಡಿಸಿದರು, ಸಂತ್ರಸ್ತರಿಗಾಗಿ ನಿಧಿ ಸಂಗ್ರಹಿಸಿದರು, ಪಾಕಿಸ್ತಾನಕ್ಕೆ ಅಮೆರಿಕದ ಸೇನಾ ನೆರವು ನಿಲ್ಲಬೇಕೆಂದು ಹೋರಾಡಿದರು. ಬಾಂಗ್ಲಾದೇಶ 1999ರಲ್ಲಿ ಮರಣೋತ್ತರವಾಗಿ ಸ್ವಾತಂತ್ರ್ಯ ದಿನದ ಪ್ರಶಸ್ತಿ ನೀಡಿ ಆ ಋಣವನ್ನು ನೆನೆಯಿತು.

ಕೊನೆಯ ವರ್ಷಗಳಲ್ಲಿ ಅವರ ಮನಸ್ಸು ಜಿದ್ದಾದ ಹಜ್ ಟರ್ಮಿನಲ್‌ನ ಗುಡಾರದಂಥ ಛಾವಣಿಯಲ್ಲಿ ನೆಟ್ಟಿತ್ತು. 1982ರ ಮಾರ್ಚ್ 27ರಂದು ಅದೇ ಜಿದ್ದಾದಲ್ಲಿ ಹೃದಯಾಘಾತವಾಯಿತು. ವಯಸ್ಸು 52. ಪಾರ್ಥಿವ ಶರೀರವನ್ನು ಷಿಕಾಗೋಗೆ ತಂದು ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. 2010ರಲ್ಲಿ ತೀರಿಕೊಂಡ ಬ್ರೂಸ್ ಗ್ರಹಾಂ ಅವರ ಸಮಾಧಿಯೂ ಅಲ್ಲಿಯೇ ಇದೆ.