ವಾಲಿ ಬೈಯಮ್

ವಾಲೇಸ್ ಮೆರ್ಲ್ ಬೈಯಮ್ (ಜುಲೈ 4, 1896 – ಜುಲೈ 22, 1962) ಅಮೆರಿಕ ಸಂಯುಕ್ತ ಸಂಸ್ಥಾನದ ಉದ್ಯಮಿ, ಪ್ರಕಾಶಕ ಹಾಗೂ ಪ್ರವಾಸ ಸಂಘಟಕ. ವಾಲಿ ಬೈಯಮ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ಏರ್‌ಸ್ಟ್ರೀಮ್ ಎಂಬ ಅಲ್ಯೂಮಿನಿಯಮ್ ವಾಸದ ಟ್ರೇಲರ್‌ಗಳ ಸಂಸ್ಥೆಯ ಸ್ಥಾಪಕರು. ವಾಸದ ಟ್ರೇಲರ್ ಎಂದರೆ ಮಲಗಲು, ಅಡುಗೆ ಮಾಡಲು ಮತ್ತು ಸ್ನಾನಕ್ಕೆ ಅನುಕೂಲವಿರುವ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಡಿ. ಸ್ವಂತ ಎಂಜಿನ್ ಉಳ್ಳ ಇಂಥದೇ ವಾಹನವನ್ನು ಮೋಟರ್‌ಹೋಮ್ ಎನ್ನುತ್ತಾರೆ. ಗಾಡಿಯನ್ನು ತಾನೇ ಕಟ್ಟಿ, ತಾನೇ ಎಳೆದೊಯ್ದು, ಮುರಿದದ್ದನ್ನು ಗಮನಿಸಿ ಮುಂದಿನ ಗಾಡಿಯಲ್ಲಿ ತಿದ್ದುವುದು ಬೈಯಮ್ ಅವರ ಕಾರ್ಯಪದ್ಧತಿಯಾಗಿತ್ತು.

ಬಾಲ್ಯ ಮತ್ತು ಶಿಕ್ಷಣ

ಬೈಯಮ್ ಆರಿಗನ್ ರಾಜ್ಯದ ಬೇಕರ್ ಸಿಟಿಯಲ್ಲಿ ಜನಿಸಿದರು. ಹುಡುಗನಾಗಿದ್ದಾಗ ಕುರಿ ಕಾಯುವ ಕೆಲಸಕ್ಕೆ ಹೋಗುತ್ತಿದ್ದ ಅವರು, ಕತ್ತೆ ಎಳೆಯುವ ಪುಟ್ಟ ಬಂಡಿಯಲ್ಲಿ ವಾಸಿಸುತ್ತಿದ್ದರು. ಸೀಮೆಎಣ್ಣೆ ಒಲೆ, ದಿನಸಿ ಮತ್ತು ತೊಳೆಯಲು ಬೇಕಾದ ಪಾತ್ರೆ ಎಲ್ಲವೂ ಆ ಬಂಡಿಯಲ್ಲಿಯೇ ಇರುತ್ತಿದ್ದವು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, 1920ರ ದಶಕದಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಜಾಹೀರಾತು ಮತ್ತು ಪತ್ರಿಕಾ ಪ್ರಕಾಶನದ ವೃತ್ತಿಯಲ್ಲಿ ತೊಡಗಿದರು. ಎಂಜಿನಿಯರಿಂಗ್ ಅವರ ವ್ಯಾಸಂಗದ ವಿಷಯವಾಗಿರಲಿಲ್ಲ.

ಸ್ವತಃ ಕಟ್ಟಿದ ಗಾಡಿ

ಬೈಯಮ್ ಪ್ರಕಟಿಸುತ್ತಿದ್ದ ಪತ್ರಿಕೆಯೊಂದರಲ್ಲಿ, ಮನೆಯಲ್ಲಿಯೇ ಟ್ರೇಲರ್ ಕಟ್ಟಿಕೊಳ್ಳುವ ವಿಧಾನವನ್ನು ನಕ್ಷೆಯೊಂದಿಗೆ ವಿವರಿಸುವ ಲೇಖನವಿತ್ತು. ಆ ನಕ್ಷೆಯಂತೆ ಕೆಲಸ ಮಾಡಿದ ಓದುಗರು ಅದು ಸರಿಹೊಂದುವುದಿಲ್ಲವೆಂದು ದೂರಿದರು. ಬೈಯಮ್ ತಾವೇ ಗಾಡಿ ಕಟ್ಟಲು ಪ್ರಯತ್ನಿಸಿ, ದೂರು ನಿಜವೆಂದು ಕಂಡುಕೊಂಡರು.

ಮೊದಲಿಗೆ ಅವರು ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಚಾಸಿಯ ಮೇಲೆ ಡೇರೆ ಹೂಡಿದರು. ಮಳೆ ಬಂದಾಗ ಅದನ್ನು ಬಿಚ್ಚುವುದೂ ಕಟ್ಟುವುದೂ ಪ್ರಯಾಸದ ಕೆಲಸವಾಯಿತು. ಬಳಿಕ ಡೇರೆಯನ್ನು ತೆಗೆದು, ನೀರಿನ ಹನಿಯ ಆಕಾರದ ಗಟ್ಟಿ ಗೂಡನ್ನು ನಿರ್ಮಿಸಿ, ಅದರಲ್ಲಿ ಸಣ್ಣ ಐಸ್ ಪೆಟ್ಟಿಗೆ ಮತ್ತು ಸೀಮೆಎಣ್ಣೆ ಒಲೆಯನ್ನು ಅಳವಡಿಸಿದರು. ನೂರು ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಇಂಥ ಗಾಡಿಯನ್ನು ಕಟ್ಟುವ ಬಗೆಯನ್ನು ತಿಳಿಸುವ ಅವರ ಬರಹ ಜನಪ್ರಿಯವಾಯಿತು. ನಕ್ಷೆಗಳಿಗೆ ಬೇಡಿಕೆ ಬಂದಿತು. ಕಟ್ಟಲು ಪುರುಸೊತ್ತಿಲ್ಲದವರು ಸಿದ್ಧ ಗಾಡಿಯನ್ನೇ ಕೇಳತೊಡಗಿದರು.

ಆ ಕಾಲದ ಟ್ರೇಲರ್‌ಗಳಲ್ಲಿ ನೆಲಹಾಸು ಚಕ್ರಗಳ ಅಚ್ಚಿನ ಮೇಲೆ ಇರುತ್ತಿದ್ದುದರಿಂದ ಒಳಗೆ ನೆಟ್ಟಗೆ ನಿಲ್ಲಲು ಸಾಧ್ಯವಿರಲಿಲ್ಲ. ಬೈಯಮ್ ನೆಲಹಾಸನ್ನು ಎರಡು ಚಕ್ರಗಳ ನಡುವೆ ಕೆಳಕ್ಕಿಳಿಸಿ, ಛಾವಣಿಯನ್ನು ಎತ್ತರಿಸಿದರು. ನಿಂತು ಅಡುಗೆ ಮಾಡುವಷ್ಟು ಎತ್ತರ ಇದರಿಂದ ದೊರೆಯಿತು.

ಏರ್‌ಸ್ಟ್ರೀಮ್ ಸ್ಥಾಪನೆ

1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆಯೇ, ಲಾಸ್ ಏಂಜಲೀಸ್ ಸಮೀಪದ ಕಲ್ವರ್ ಸಿಟಿಯಲ್ಲಿ ಬೈಯಮ್ ಅವರ ಕಾರ್ಖಾನೆ ಆರಂಭವಾಯಿತು. ಮೊದಲಿನ ಗಾಡಿಗಳ ಮೈ ಪ್ಲೈವುಡ್ ಮತ್ತು ಒತ್ತಿದ ಮರದ ಹಲಗೆಗಳದಾಗಿತ್ತು.

ಲೋಹದ ಮೈಯ ಕಲ್ಪನೆ ಹಾಲಿ ಬೋಲಸ್ ಅವರಿಂದ ಬಂದಿತು. ಗ್ಲೈಡರ್ ನಿರ್ಮಾಪಕರಾದ ಬೋಲಸ್, ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ಸಾಗರವನ್ನು ದಾಟಿದ ವಿಮಾನದ ನಿರ್ಮಾಣದ ಮೇಲ್ವಿಚಾರಣೆಯನ್ನು ನಡೆಸಿದ್ದವರು. ವಿಮಾನದ ರೀತಿಯಲ್ಲಿ ಅಲ್ಯೂಮಿನಿಯಮ್ ತಗಡುಗಳನ್ನು ರಿವೆಟ್‌ಗಳಿಂದ ಜೋಡಿಸಿ 1934ರಲ್ಲಿ ಅವರು ತಯಾರಿಸಿದ ರೋಡ್ ಚೀಫ್ ಟ್ರೇಲರ್ ಹಗುರವೂ ಸುಂದರವೂ ಆಗಿತ್ತು. ಆದರೆ ಅದರ ಬಾಗಿಲು ಮುಂಭಾಗದಲ್ಲಿ, ಕಾರಿಗೆ ಸೇರಿಸುವ ಕೊಂಡಿಯ ಮೇಲೆಯೇ ಇತ್ತು. ಬೋಲಸ್ ಅವರ ವ್ಯವಹಾರ ನಷ್ಟಕ್ಕೊಳಗಾದ ಬಳಿಕ ಬೈಯಮ್ ಆ ವಿನ್ಯಾಸವನ್ನು ಮುಂದುವರಿಸಿ, ಬಾಗಿಲನ್ನು ಪಕ್ಕಕ್ಕೆ ಸ್ಥಳಾಂತರಿಸಿದರು. 1936ರಲ್ಲಿ ಹೊರಬಂದ ಈ ಮಾದರಿಗೆ ಏರ್‌ಸ್ಟ್ರೀಮ್ ಕ್ಲಿಪರ್ ಎಂದು ಹೆಸರಿಡಲಾಯಿತು. ನಾಲ್ವರು ಮಲಗಬಹುದಾಗಿದ್ದ, ಸ್ವಂತ ನೀರಿನ ವ್ಯವಸ್ಥೆ ಮತ್ತು ವಿದ್ಯುತ್ ದೀಪಗಳಿದ್ದ ಈ ಗಾಡಿಯ ಬೆಲೆ 1,200 ಡಾಲರ್.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಯೂಮಿನಿಯಮ್ ಯುದ್ಧಕಾರ್ಯಕ್ಕೆ ಮೀಸಲಾಗಿ ಕಾರ್ಖಾನೆ ಮುಚ್ಚಿತು. ಬೈಯಮ್ ವಿಮಾನ ತಯಾರಿಕಾ ಉದ್ಯಮದಲ್ಲಿ ಕೆಲಸಕ್ಕೆ ಸೇರಿದರು. ಯುದ್ಧಾನಂತರ 1948ರಲ್ಲಿ ಕ್ಯಾಲಿಫೋರ್ನಿಯದ ವ್ಯಾನ್ ನೈಸ್‌ನಲ್ಲಿಯೂ, 1952ರಲ್ಲಿ ಒಹಾಯೊ ರಾಜ್ಯದ ಜ್ಯಾಕ್ಸನ್ ಸೆಂಟರ್‌ನಲ್ಲಿಯೂ ಕಾರ್ಖಾನೆಗಳನ್ನು ನಡೆಸಿದರು. ಗಾಡಿಯ ಹಗುರತನವನ್ನು ತೋರಿಸಲು 1947ರಲ್ಲಿ ಫ್ರಾನ್ಸಿನ ಸೈಕಲ್ ಪಟು ಆಲ್‌ಫ್ರೆಡ್ ಲೆಟೂರ್ನರ್ ಅವರಿಂದ ಟ್ರೇಲರನ್ನು ಸೈಕಲ್ಲಿಗೆ ಕಟ್ಟಿ ಎಳೆಸಿದ ಚಿತ್ರ ಸಂಸ್ಥೆಯ ಗುರುತಾಯಿತು.

ಸಾಮೂಹಿಕ ಯಾತ್ರೆಗಳು

1951ರ ಕೊನೆಯಲ್ಲಿ ಬೈಯಮ್ ಟ್ರೇಲರ್ ಮಾಲೀಕರ ತಂಡವೊಂದನ್ನು ಮೆಕ್ಸಿಕೊ ಮಾರ್ಗವಾಗಿ ಮಧ್ಯ ಅಮೆರಿಕಕ್ಕೆ ಕರೆದೊಯ್ದರು. 63 ಟ್ರೇಲರ್‌ಗಳು ಹೊರಟವು. ಕೆಟ್ಟ ದಾರಿ, ಕಡಿದಾದ ಬೆಟ್ಟಗಳು ಹಾಗೂ ಮುರಿದ ಬಿಡಿಭಾಗಗಳಿಂದಾಗಿ ಬಹುಪಾಲು ಗಾಡಿಗಳು ಹಿಂದುಳಿದವು. ನಿಕರಾಗುವ ದೇಶವನ್ನು ಮುಟ್ಟಿದವು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಅನಂತರದ ಯಾತ್ರೆಗಳು ಹೆಚ್ಚು ಸಿದ್ಧತೆಯಿಂದ ನಡೆದವು. ಇವುಗಳ ನಿರ್ವಹಣೆಯಲ್ಲಿ ಬೈಯಮ್ ಅವರ ಸೋದರ ಸಂಬಂಧಿ ಹೆಲೆನ್ ಬೈಯಮ್ ಶ್ವಾಂಬಾರ್ನ್ ಪ್ರಮುಖ ಪಾತ್ರ ವಹಿಸಿದರು. 1955ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಕೆಂಟ್‌ವಿಲ್‌ನಲ್ಲಿ ವಾಲಿ ಬೈಯಮ್ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. 1956ರಲ್ಲಿ ಯುರೋಪ್ ಯಾತ್ರೆ ನಡೆಯಿತು.

ಇವುಗಳಲ್ಲಿ ಅತ್ಯಂತ ಕಠಿಣವಾದುದು 1959–60ರ ಆಫ್ರಿಕಾ ಯಾತ್ರೆ. 41 ಟ್ರೇಲರ್‌ಗಳ ತಂಡ ಕೇಪ್‌ಟೌನ್‌ನಿಂದ ಹೊರಟು, ಇಥಿಯೋಪಿಯ ಮೊದಲಾದ ದೇಶಗಳನ್ನು ಹಾದು ಕೈರೋ ನಗರವನ್ನು ಸೇರಿತು. ಅನೇಕ ಕಡೆ ರಸ್ತೆಯೇ ಇರಲಿಲ್ಲ. ಕೆಸರಿನಲ್ಲಿ ಹೂತ ಗಾಡಿಗಳನ್ನು ಲಾರಿಗಳಿಂದ ಎಳೆಸಬೇಕಾಯಿತು. ಹತ್ತಿರದಲ್ಲಿ ವರ್ಕ್‌ಶಾಪ್ ಇಲ್ಲದ ಇಂಥ ಪ್ರದೇಶಗಳಲ್ಲಿ ತಂಡವು ತನ್ನ ಬಳಿಯಿದ್ದ ಉಪಕರಣ, ಬಿಡಿಭಾಗ ಮತ್ತು ಸಹಯಾತ್ರಿಕರ ನೆರವನ್ನೇ ಅವಲಂಬಿಸಬೇಕಿತ್ತು. ಆಡಿಸ್ ಅಬಾಬದಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ತಂಡವನ್ನು ಬರಮಾಡಿಕೊಂಡರು. ಬೈಯಮ್ ಮತ್ತು ಪತ್ನಿ ಸ್ಟೆಲ್ಲಾ ಈ ಯಾತ್ರೆಯಲ್ಲಿ ಬಂಗಾರ ಬಣ್ಣದ ಟ್ರೇಲರಿನಲ್ಲಿ ಪ್ರಯಾಣಿಸಿದರು. ಗೀಜಾ ಪಿರಮಿಡ್‌ಗಳ ಎದುರು ಟ್ರೇಲರ್‌ಗಳು ವೃತ್ತಾಕಾರವಾಗಿ ನಿಂತಿರುವ ಛಾಯಾಚಿತ್ರ ಪ್ರಸಿದ್ಧವಾಗಿದೆ.

ಯಾತ್ರೆಗಳು ಬೈಯಮ್ ಅವರಿಗೆ ಗಾಡಿಯ ಪರೀಕ್ಷಾಲಯವೂ ಆಗಿದ್ದವು. ಹೊರಗಿನ ನೀರು ಮತ್ತು ವಿದ್ಯುತ್ ಸಂಪರ್ಕವಿಲ್ಲದೆ ದೀಪ, ಬಿಸಿನೀರು ಹಾಗೂ ಶೌಚಾಲಯದ ಸೌಕರ್ಯವನ್ನು ಒದಗಿಸುವ ಇಂಟರ್‌ನ್ಯಾಷನಲ್ ಮಾದರಿ 1957ರಲ್ಲಿ ಹೊರಬಂದಿತು. ಬರಿಯ ಬದಲಾವಣೆಗಾಗಿ ಬದಲಾವಣೆ ಮಾಡಬಾರದು, ಸುಧಾರಣೆಯಾಗುವಂತಿದ್ದರೆ ಮಾತ್ರ ಮಾಡಬೇಕು ಎಂಬುದು ಕಾರ್ಖಾನೆಯಲ್ಲಿ ಅವರು ರೂಢಿಸಿದ ನಿಯಮ.

ಗಾಡಿಯ ರಚನೆ ಮತ್ತು ದುರಸ್ತಿ

ಅಲ್ಯೂಮಿನಿಯಮ್ ಪಕ್ಕೆಲುಬುಗಳ ಮೇಲೆ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿರುವುದರಿಂದ ಏರ್‌ಸ್ಟ್ರೀಮ್ ಗಾಡಿಗಳ ಮೈಯನ್ನು ಭಾಗಭಾಗವಾಗಿ ದುರಸ್ತಿ ಮಾಡಬಹುದು. ನಜ್ಜುಗುಜ್ಜಾದ ತಗಡಿನ ರಿವೆಟ್‌ಗಳನ್ನು ಡ್ರಿಲ್‌ನಿಂದ ಕೊರೆದು ತೆಗೆದು, ಅದೊಂದನ್ನೇ ಬದಲಾಯಿಸಲು ಸಾಧ್ಯ. ಇದು ಇಬ್ಬರ ಕೆಲಸ: ಹೊರಗಿರುವವರು ರಿವೆಟ್ ಹೊಡೆಯುವಾಗ ಒಳಗಿರುವವರು ಉಕ್ಕಿನ ತುಂಡನ್ನು ಅದರ ತುದಿಗೆ ಒತ್ತಿ ಹಿಡಿಯಬೇಕು. ಒಳಗೋಡೆಯನ್ನು ಬಿಚ್ಚಲು ಆಗದ ಕಡೆ, ಹೊರಗಿನಿಂದಲೇ ಕೂಡಿಸಬಹುದಾದ ಬೇರೆ ಬಗೆಯ ರಿವೆಟ್ ಬಳಸುತ್ತಾರೆ.

ಈ ಗಾಡಿಗಳ ಮುಖ್ಯ ಶತ್ರು ನೀರು. ಕಿಟಕಿ, ಬಾಗಿಲು ಮತ್ತು ಛಾವಣಿಯ ಗಾಳಿಕಿಂಡಿಗಳ ಸಂದುಗಳಿಂದ ಜಿನುಗುವ ನೀರು ಕೆಳಗಿಳಿದು, ಪ್ಲೈವುಡ್ ನೆಲಹಾಸಿನ ಅಂಚನ್ನು ಕೊಳೆಸುತ್ತದೆ. ನೆಲಹಾಸು ಸಡಿಲವಾದರೆ ಮೈ ಮತ್ತು ಚಾಸಿಯ ಜೋಡಣೆಯೂ ದುರ್ಬಲವಾಗುತ್ತದೆ. ಉಕ್ಕು ಮತ್ತು ಅಲ್ಯೂಮಿನಿಯಮ್ ಒಂದಕ್ಕೊಂದು ತಾಗಿರುವ ಕಡೆ ತೇವ ನಿಂತರೆ ಅಲ್ಯೂಮಿನಿಯಮ್ ಸವೆಯುತ್ತದೆ. ಆದ್ದರಿಂದ ಹಳೆಯ ಗಾಡಿಯನ್ನು ತಾವೇ ಸರಿಪಡಿಸುವವರು ಹೊರಮೈಯ ಹೊಳಪಿಗಿಂತ ಮೊದಲು ಸೋರಿಕೆ, ನೆಲಹಾಸು, ಚಕ್ರದ ಬೇರಿಂಗ್ ಮತ್ತು ಬ್ರೇಕುಗಳನ್ನು ಪರೀಕ್ಷಿಸುತ್ತಾರೆ.

ನಿಧನ ಮತ್ತು ಪರಂಪರೆ

ಟ್ರೇಲರ್ ಪ್ರವಾಸವನ್ನು ಕುರಿತು ಬೈಯಮ್ ಬರೆದ ಪುಸ್ತಕ 1960ರಲ್ಲಿ ಪ್ರಕಟವಾಯಿತು. ಮಿದುಳಿನ ಕ್ಯಾನ್ಸರ್‌ನಿಂದ ಬಳಲಿ 1962ರ ಜುಲೈ 22ರಂದು ಅವರು ನಿಧನರಾದರು. ಅವರ ಮರಣಾನಂತರವೂ ಯಾತ್ರೆಗಳು ಮುಂದುವರಿದವು. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಗಗನಯಾತ್ರಿಗಳನ್ನು ಪ್ರತ್ಯೇಕವಾಗಿರಿಸಲು ನಾಸಾ ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರನ್ನು ಬಳಸಿತು. ಜ್ಯಾಕ್ಸನ್ ಸೆಂಟರ್‌ನಲ್ಲಿ ಇಂದಿಗೂ ಏರ್‌ಸ್ಟ್ರೀಮ್ ಗಾಡಿಗಳು ತಯಾರಾಗುತ್ತಿವೆ. ಬೈಯಮ್ ಅವರ ಕಾಲದ ಗಾಡಿಗಳನ್ನು ಹವ್ಯಾಸಿಗಳು ಮನೆಯ ಅಂಗಳದಲ್ಲಿಯೇ ಬಿಚ್ಚಿ, ಸರಿಪಡಿಸಿ, ಮತ್ತೆ ರಸ್ತೆಗಿಳಿಸುತ್ತಿದ್ದಾರೆ.