ಜೋಶುವಾ ಸ್ಲೋಕಂ ಬರ್ಮುಡಾ ತ್ರಿಕೋನದಲ್ಲಿ ಮಾಯವಾದರೇ? ನಿಜ ಏನು?

ಬರ್ಮುಡಾ ತ್ರಿಕೋನ ನುಂಗಿದವರ ಪಟ್ಟಿ ಎಂದು ಓಡಾಡುವ ಬರಹಗಳಲ್ಲಿ ನಾವಿಕ ಜೋಶುವಾ ಸ್ಲೋಕಂ ಅವರ ಹೆಸರೂ ಇರುತ್ತದೆ. ಅವರು ಸಮುದ್ರದಲ್ಲಿ ಕಾಣೆಯಾದದ್ದು ನಿಜ. ಆದರೆ ಎಲ್ಲಿ ಎಂಬುದಕ್ಕೆ ಪುರಾವೆಯಿಲ್ಲ. ಇಂದು ಆಳ ಸಮುದ್ರಕ್ಕೆ ಒಂಟಿಯಾಗಿ ಇಳಿಯುವ ಪುಟ್ಟ ರೋಬೊಟ್ ಒಂದಕ್ಕೆ ಅವರದೇ ಹೆಸರಿದೆ. ಯಾಕೆ ಎಂದು ನೋಡೋಣ.

ಯಾರು ಈ ಸ್ಲೋಕಂ?

ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಹದಿಹರೆಯದಲ್ಲೇ ಹಡಗು ಸೇರಿ, ಮುಂದೆ ಅಮೆರಿಕದ ಪ್ರಜೆಯಾಗಿ ಕ್ಯಾಪ್ಟನ್ ಆದರು. 1884ರಲ್ಲಿ, ಜೊತೆಗೇ ಪಯಣಿಸುತ್ತಿದ್ದ ಪತ್ನಿ ವರ್ಜೀನಿಯಾ ತೀರಿಕೊಂಡರು. 1887ರಲ್ಲಿ ಅವರ ಹಡಗು ಬ್ರೆಜಿಲ್ ತೀರದಲ್ಲಿ ಒಡೆಯಿತು. ಅಷ್ಟರಲ್ಲಿ ಉಗಿಹಡಗುಗಳು ಹೆಚ್ಚಾಗಿ, ಹಾಯಿಹಡಗಿನ ಕ್ಯಾಪ್ಟನ್‌ಗಳಿಗೆ ಕೆಲಸ ಸಿಗುವುದೇ ಕಷ್ಟವಾಗಿತ್ತು.

ಆಗ ಪರಿಚಯದವರೊಬ್ಬರು, ಹೊಲದಲ್ಲಿ ಬಿದ್ದಿದ್ದ ಹಳೆಯ ದೋಣಿಯೊಂದನ್ನು ಕೊಟ್ಟರು. ಸ್ಲೋಕಂ ಅದನ್ನು ಕೈಯಾರೆ ಮರುಕಟ್ಟಿದರು. ಅದೇ ಸುಮಾರು 37 ಅಡಿ ಉದ್ದದ 'ಸ್ಪ್ರೇ'. 1895ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಿಂದ ಹೊರಟು, ಸುಮಾರು 46,000 ಮೈಲಿ ಸಾಗಿ, 1898ರ ಜೂನ್‌ನಲ್ಲಿ ಅಮೆರಿಕಕ್ಕೆ ಮರಳಿದರು. ಒಬ್ಬರೇ ದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗರು ಅವರು.

ಒಬ್ಬರೇ ಇದ್ದರೆ ನಿದ್ದೆ ಮಾಡುವುದು ಹೇಗೆ? ಹಾಯಿಗಳನ್ನು ಸರಿಹೊಂದಿಸಿ ಚುಕ್ಕಾಣಿ ಕಟ್ಟಿಬಿಟ್ಟರೆ ಸ್ಪ್ರೇ ತಾನಾಗಿಯೇ ದಾರಿ ತಪ್ಪದೆ ಸಾಗುತ್ತಿತ್ತು. ಕೋಕೋಸ್ ದ್ವೀಪಗಳತ್ತ 23 ದಿನ ಸಾಗಿದಾಗ ಅವರು ಚುಕ್ಕಾಣಿ ಹಿಡಿದದ್ದು ಕೆಲವೇ ಗಂಟೆ.

ಕಾಣೆಯಾದದ್ದು ಎಲ್ಲಿ?

1909ರ ನವೆಂಬರ್‌ನಲ್ಲಿ, 65ನೇ ವಯಸ್ಸಿನಲ್ಲಿ, ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಿಂದ ದಕ್ಷಿಣಕ್ಕೆ ಹೊರಟರು. ಮತ್ತೆ ಸುದ್ದಿಯಿಲ್ಲ. 1924ರಲ್ಲಿ ಕಾನೂನಿನ ಪ್ರಕಾರ ಮೃತರೆಂದು ಘೋಷಿಸಲಾಯಿತು. ಬಿರುಗಾಳಿ ಇರಬಹುದು, ದೊಡ್ಡ ಹಡಗು ಗುದ್ದಿರಬಹುದು, ದೋಣಿಯೇ ಹಳತಾಗಿತ್ತು. ಜಾಗವೇ ಗೊತ್ತಿಲ್ಲದ ಸಾವನ್ನು ಬರ್ಮುಡಾದ ತಲೆಗೆ ಕಟ್ಟುವುದು ಬರೀ ಊಹೆ. ಅಲ್ಲಿ ಬೇರೆಡೆಗಿಂತ ಹೆಚ್ಚು ಹಡಗುಗಳು ಕಾಣೆಯಾಗುತ್ತವೆ ಎಂಬುದಕ್ಕೂ ಆಧಾರವಿಲ್ಲ.

ರೋಬೊಟ್‌ಗೆ ಅವರ ಹೆಸರು

ಸಾಗರ ವಿಜ್ಞಾನಿ ಹೆನ್ರಿ ಸ್ಟೊಮೆಲ್ 1989ರ ಬರಹವೊಂದರಲ್ಲಿ, ತಾವಾಗಿಯೇ ಸಮುದ್ರ ಸುತ್ತುವ ಯಂತ್ರಗಳನ್ನು ಕಲ್ಪಿಸಿ ಅವಕ್ಕೆ ಸ್ಲೋಕಂ ಹೆಸರಿಟ್ಟರು. ಎಂಜಿನಿಯರ್ ಡಗ್ ವೆಬ್ ಅದನ್ನು ನಿಜ ಮಾಡಿದರು. ಸ್ಲೋಕಂ ಗ್ಲೈಡರ್ ತನ್ನ ಗಾತ್ರವನ್ನು ಪಂಪ್‌ನಿಂದ ತುಸು ಕುಗ್ಗಿಸಿ ಮುಳುಗುತ್ತದೆ, ಹಿಗ್ಗಿಸಿ ಮೇಲೇಳುತ್ತದೆ. ಈ ಏರಿಳಿತವನ್ನೇ ಅದರ ರೆಕ್ಕೆಗಳು ಮುನ್ನಡೆಯಾಗಿ ಬದಲಿಸುತ್ತವೆ. ಹಾಗಾಗಿ ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ. 2009ರಲ್ಲಿ ಇಂಥದ್ದೊಂದು 221 ದಿನಗಳಲ್ಲಿ ಅಟ್ಲಾಂಟಿಕ್ ದಾಟಿತು.

ನಮಗೇನು ಸಂಬಂಧ?

2016ರ ಮುಂಗಾರಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದ್ದ ಯೋಜನೆಯೊಂದು ಇದೇ ತತ್ವದ ಗ್ಲೈಡರ್‌ಗಳನ್ನು ಬಂಗಾಳ ಕೊಲ್ಲಿಗೆ ಇಳಿಸಿ, ನೀರಿನ ಬಿಸಿ ಮತ್ತು ಉಪ್ಪಿನಂಶ ಅಳೆಯಿತು. ಆ ಬಿಸಿಗೂ ನಮ್ಮ ಮಳೆಗೂ ನಂಟಿದೆ. ಮಳೆಯಾಗಿ ತುಂಗಭದ್ರಾ ಜಲಾಶಯ ತುಂಬಿ, ಎಡದಂಡೆ ಕಾಲುವೆಗೆ ನೀರು ಬಂದರೇ ತುರ್ವಿಹಾಳದ ಕಡೆ ಭತ್ತದ ನಾಟಿ.

ನಮ್ಮ ತೀರ್ಮಾನ: ಸ್ಲೋಕಂ ಕಾಣೆಯಾದದ್ದು ನಿಜ, ಬರ್ಮುಡಾದಲ್ಲಿ ಎಂಬುದಕ್ಕೆ ಆಧಾರವಿಲ್ಲ. ಆ ಪಟ್ಟಿ ಮತ್ತೆ ಬಂದರೆ, ಮುಂದೆ ಕಳಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ಅಲ್ಲೇ ಮುಳುಗಿದರು ಎಂದು ಕಂಡವರು ಯಾರು?