ಪದವಿಯಲ್ಲ, ಗಾಯವೇ ಮಾನದಂಡ

ಯಾವ ಗಾಯಾಳುವಿಗಾಗಿ ಆಸ್ಪತ್ರೆ ತನ್ನ ಇಡೀ ಅಪಘಾತ ಚಿಕಿತ್ಸಾ ತಂಡವನ್ನು ಕರೆಯಬೇಕು? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ಫ್ರಾನ್ಸಿನ ಡೊಮಿನಿಕ್ ಲಾರೆ.

1766ರಲ್ಲಿ ಜನಿಸಿದ ಆತ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ. ಕದನ ಮುಗಿಯುವವರೆಗೂ ಗಾಯಾಳುಗಳು ರಣರಂಗದಲ್ಲೇ ನರಳುತ್ತಿದ್ದುದನ್ನು 1792ರಲ್ಲಿ ಕಂಡು, ಹಗುರ ಕುದುರೆಗಾಡಿಗಳ ‘ಹಾರುವ ಆಂಬುಲೆನ್ಸ್’ ರೂಪಿಸಿದ. ಚಿಕಿತ್ಸೆಯ ಸರದಿಯನ್ನು ಪದವಿಯಿಂದಲ್ಲ, ಗಾಯದ ತೀವ್ರತೆಯಿಂದ ನಿರ್ಧರಿಸಿದ. 1812ರ ಬೊರೊಡಿನೊ ಕದನದಲ್ಲಿ ಒಂದೇ ದಿನ ಸುಮಾರು 200 ಅಂಗಚ್ಛೇದನ ನಡೆಸಿದ. 1842ರಲ್ಲಿ ನಿಧನನಾದ.

ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿದರೆ, ಎದೆಗೆ ಗುಂಡು ಹೊಕ್ಕಿದ್ದರೆ ತಂಡವನ್ನು ಕರೆಯಬೇಕೆಂಬ ಇಂದಿನ ನಿಯಮ ಆ ವಿವೇಕದ ಮುಂದುವರಿಕೆ. ತಡವಾದರೆ ಜೀವ ಹೋದೀತು. ಸಣ್ಣ ಗಾಯಕ್ಕೂ ಕರೆದರೆ ಇನ್ನೊಬ್ಬ ರೋಗಿಗೆ ವೈದ್ಯರಿಲ್ಲದಂತಾದೀತು. ಸಂದೇಹವಿದ್ದಲ್ಲಿ ಕರೆಯುವುದೇ ಲೇಸು. ಆದರೆ ಆ ಕರೆ ಗಾಯಾಳುವಿನ ಅಂತಸ್ತಿಗೆ ಓಗೊಟ್ಟದ್ದಾಗಬಾರದು.